ಕಡಲು ಕಾಣದ ಊರಿನಿಂದ ಕಡಲಾಮೆಗೆ

ಚಳ್ಳಕೆರೆ ಸೀಮೆಯ ಮಕ್ಕಳನ್ನು ‘ಸಮುದ್ರ ನೋಡಿದ್ದೀರಾ?’ ಎಂದು ಕೇಳಿ ನೋಡಿ. ‘ಓ, ನೋಡಿದ್ದೀವಲ್ಲ, ಗೌರಸಮುದ್ರ!’ ಎಂದು ಯಾರಾದರೂ ತುಂಟ ಉತ್ತರ ಕೊಡದೆ ಇರುವುದಿಲ್ಲ. ಮಾರಮ್ಮನ ಜಾತ್ರೆಗೆ ಹೋದವರಿಗೆಲ್ಲ ಆ ಊರು ಗೊತ್ತು. ಪಕ್ಕದ ಹಿರಿಯೂರಿನ ಕಡೆ ಹೋದರೆ ವಾಣಿ ವಿಲಾಸ ಸಾಗರವೇ ಇದೆ. ಮಳೆ ಕಡಿಮೆಯಾದ ನಾಡಿನಲ್ಲಿ ನಮ್ಮ ಹಿರಿಯರು ಕೆರೆಗೆ ಸಮುದ್ರ ಎಂದರು, ಅಣೆಕಟ್ಟಿಗೆ ಸಾಗರ ಎಂದರು. ನೀರನ್ನು ಕಂಡರೆ ಅಷ್ಟು ಪ್ರೀತಿ!

ಆದರೆ ಉಪ್ಪುನೀರಿನ ನಿಜವಾದ ಸಮುದ್ರ ಇಲ್ಲಿಂದ ಬಹಳ ದೂರ. ಬೆಳಿಗ್ಗೆ ಚಳ್ಳಕೆರೆಯಲ್ಲಿ ಬಸ್ಸು ಹತ್ತಿದರೆ ಹೊನ್ನಾವರ ತಲುಪುವ ಹೊತ್ತಿಗೆ ಹಗಲು ಕಳೆದಿರುತ್ತದೆ. ಹಾಗಿರುವಾಗ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಪಕ್ಕದಲ್ಲಿ ಬೆಳೆಯುವ ಒಂದು ಮಗು ಕಡಲಾಮೆಗೆ ಏನು ಉಪಕಾರ ಮಾಡೀತು? ‘ಅದೆಲ್ಲ ಕರಾವಳಿಯವರ ಕೆಲಸ’ ಅಂತ ಬಿಟ್ಟುಬಿಡಬಹುದಲ್ಲ?

ಬಿಡುವಂತಿಲ್ಲ ಮಕ್ಕಳೇ. ಯಾಕೆ ಅಂತ ಈ ವಾರ ನೋಡೋಣ. ಅಜ್ಜ-ಅಜ್ಜಿಯರೂ ಕನ್ನಡಕ ಹಾಕಿಕೊಂಡು ಹತ್ತಿರ ಬನ್ನಿ. ಈ ಕೆಲಸದಲ್ಲಿ ನಿಮ್ಮ ಪಾಲೇ ಹೆಚ್ಚು.

ಮೊದಲು ಆಮೆಯ ಪರಿಚಯ

ಜಗತ್ತಿನಲ್ಲಿ ಕಡಲಾಮೆಗಳು 7 ಜಾತಿ. ಅವುಗಳಲ್ಲಿ 5 ಜಾತಿ ನಮ್ಮ ದೇಶದ ಸಮುದ್ರಗಳಲ್ಲಿವೆ. ಕರ್ನಾಟಕದ ಕರಾವಳಿಗೆ ಮೊಟ್ಟೆ ಇಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲೆ ಎಂಬ ಜಾತಿ. ಬೆನ್ನಿನ ಚಿಪ್ಪು ಬೂದು ಹಸಿರು ಬಣ್ಣದ್ದು, ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ. ತೂಕ ನಲವತ್ತು ಕಿಲೋ ಆಸುಪಾಸು, ಅಂದರೆ ಏಳನೇ ತರಗತಿಯ ಗಟ್ಟಿಮುಟ್ಟಾದ ಹುಡುಗನಷ್ಟು.

ಈ ಆಮೆ ಬದುಕುವುದೆಲ್ಲ ನೀರಿನಲ್ಲಿಯೇ. ಆದರೂ ಅದಕ್ಕೆ ಮೀನಿನ ಹಾಗೆ ಕಿವಿರಿಲ್ಲ. ನಮ್ಮಂತೆಯೇ ಶ್ವಾಸಕೋಶ ಇರುವುದರಿಂದ ಆಗಾಗ ಮೇಲೆ ಬಂದು ಮೂಗು ಹೊರಗಿಟ್ಟು ಉಸಿರು ತೆಗೆದುಕೊಳ್ಳಲೇಬೇಕು. ಮೇಲೆ ಬರಲು ಬಿಡದೆ ಹಿಡಿದರೆ ಕಡಲಾಮೆಯೂ ನೀರಿನಲ್ಲಿ ಮುಳುಗಿ ಸಾಯುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚಳಿಗಾಲದ ರಾತ್ರಿಗಳಲ್ಲಿ ತಾಯಿ ಆಮೆ ದಡಕ್ಕೆ ತೆವಳಿ ಬರುತ್ತದೆ. ಹಿಂಗಾಲುಗಳಿಂದ ಮರಳಿನಲ್ಲಿ ಹೂಜಿಯ ಆಕಾರದ ಗುಂಡಿ ತೋಡುತ್ತದೆ. ಅದರಲ್ಲಿ ನೂರರ ಸುಮಾರಿಗೆ ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯಿಂದ ತಟ್ಟಿ ಗಟ್ಟಿ ಮಾಡಿ ಹೊರಟುಹೋಗುತ್ತದೆ. ಆಗ ಅದರ ಕಣ್ಣಿನಿಂದ ನೀರು ಸುರಿಯುತ್ತಿರುತ್ತದೆ. ‘ಪಾಪ, ಮಕ್ಕಳನ್ನು ಬಿಟ್ಟು ಹೋಗಲು ಅಳುತ್ತಿದೆ’ ಎಂದು ನೋಡಿದವರು ಹೇಳುವುದುಂಟು. ನಿಜವಾಗಿ ಅದು ಸಮುದ್ರದ ನೀರಿನಿಂದ ಮೈಯೊಳಗೆ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕುವ ದಾರಿ.

45ರಿಂದ 60 ದಿನಗಳಲ್ಲಿ ಮರಳಿನ ಬಿಸಿಗೇ ಮೊಟ್ಟೆ ಒಡೆದು ಮರಿಗಳು ಹೊರಬರುತ್ತವೆ. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣುಮರಿಗಳು ಹೆಚ್ಚು, ತಂಪಾಗಿದ್ದರೆ ಗಂಡುಮರಿಗಳು ಹೆಚ್ಚು. ಅಂಗೈ ಮೇಲೆ ಕೂರುವಷ್ಟು ಪುಟ್ಟ ಮರಿ ಎತ್ತ ಬೆಳಕಿದೆಯೋ ಅತ್ತ ಓಡುತ್ತದೆ. ರಾತ್ರಿಯ ಕಡಲು ನಕ್ಷತ್ರದ ಬೆಳಕಿಗೆ ಹೊಳೆಯುವುದರಿಂದ ಹಿಂದಿನಿಂದಲೂ ಆ ದಾರಿ ತಪ್ಪಿರಲಿಲ್ಲ. ಈಗ ದಡದ ಮೇಲಿನ ಹೋಟೆಲ್ಲು, ರಸ್ತೆಗಳ ದೀಪ ಕಡಲಿಗಿಂತ ಹೆಚ್ಚು ಹೊಳೆಯುತ್ತವೆ. ಮರಿಗಳು ಕಡಲಿಗೆ ಬೆನ್ನು ಹಾಕಿ ರಸ್ತೆಯ ಕಡೆ ಹೋಗಿ ಸಾಯುತ್ತವೆ. ಕಡಲು ಸೇರಿದ ಮರಿಗಳಿಗೂ ಏಡಿ, ಹಕ್ಕಿ, ಮೀನುಗಳ ಕಾಟ ತಪ್ಪಿದ್ದಲ್ಲ. ಸಾವಿರ ಮರಿಗಳಲ್ಲಿ ದೊಡ್ಡದಾಗಿ ಬೆಳೆಯುವುದು ಒಂದೋ ಎರಡೋ ಎಂದು ಬಲ್ಲವರ ಅಂದಾಜು. ಹಾಗಾಗಿ ಬೆಳೆದ ಒಂದು ತಾಯಿ ಆಮೆ ಸತ್ತರೆ ಆಗುವ ನಷ್ಟ ಸಣ್ಣದಲ್ಲ.

ಇನ್ನೊಂದು ಸೋಜಿಗ ಕೇಳಿ. ಬೆಳೆದು ದೊಡ್ಡದಾದ ಹೆಣ್ಣಾಮೆ ಎಷ್ಟೋ ವರ್ಷಗಳ ಮೇಲೆ ಮೊಟ್ಟೆ ಇಡಲು ತಾನು ಹುಟ್ಟಿದ ಕರಾವಳಿಗೇ ಮರಳುತ್ತದೆ. ಭೂಮಿಯ ಅಯಸ್ಕಾಂತ ಶಕ್ತಿಯೇ ಅದಕ್ಕೆ ದಿಕ್ಸೂಚಿ. ಮಾರಿಬಿಟ್ಟ ಎತ್ತು ಹಗ್ಗ ಕಿತ್ತುಕೊಂಡು ಹಳೆಯ ಹಟ್ಟಿಗೇ ಬಂದು ನಿಂತ ಕಥೆ ನಿಮ್ಮ ಅಜ್ಜನಿಗೆ ಗೊತ್ತಿದ್ದೀತು, ಕೇಳಿ. ಇದೂ ಹಾಗೆಯೇ. ಆದರೆ ಎತ್ತು ಬರುವ ಹೊತ್ತಿಗೆ ಹಟ್ಟಿಯೇ ಇರದಿದ್ದರೆ? ಆಮೆ ಬರುವ ಹೊತ್ತಿಗೆ ಮರಳಿನ ದಡದ ಜಾಗದಲ್ಲಿ ಕಲ್ಲಿನ ತಡೆಗೋಡೆ ಎದ್ದಿದ್ದರೆ?

ನಮ್ಮ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ?

ಈಗ ಶಾಲೆಯ ಭೂಪಟ ತೆಗೆಯಿರಿ. ಬೆರಳನ್ನು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಮೇಲಿಡಿ. ಅಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟಿ ಮುಂದೆ ಒಂದಾಗಿ ವೇದಾವತಿ ಆಗುತ್ತವೆ. ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ಕಟ್ಟಿದ್ದೇ ವಾಣಿ ವಿಲಾಸ ಸಾಗರ. ಅದರ ಕಟ್ಟಡ 1907ರಲ್ಲಿ ಮುಗಿಯಿತು. ಅಲ್ಲಿಂದ ಹೊಳೆ ಚಳ್ಳಕೆರೆ ತಾಲ್ಲೂಕನ್ನು ಹಾದು ಆಂಧ್ರದ ಅನಂತಪುರ ಸೀಮೆಗೆ ಹೋಗುತ್ತದೆ. ಮತ್ತೆ ಬಳ್ಳಾರಿ ಕಡೆಗೆ ಬಂದು, ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಶ್ರೀಶೈಲ, ವಿಜಯವಾಡ ದಾಟಿ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ.

ಆ ಕೃಷ್ಣಾ ನದಿಯ ಮುಖಜ ಭೂಮಿಯ ಮರಳಿನ ದಡಗಳಿಗೆ ಮೊಟ್ಟೆ ಇಡಲು ಬರುವುದು ಯಾರು ಗೊತ್ತೇ? ನಮ್ಮ ಆಲಿವ್ ರಿಡ್ಲೆ ಆಮೆಗಳೇ!

ನೋಡಿದಿರಾ? ಸಮುದ್ರ ನಮ್ಮಿಂದ ದೂರವಿದ್ದರೂ ನಮ್ಮ ಹಳ್ಳ ಸಮುದ್ರದಿಂದ ದೂರವಿಲ್ಲ.

‘ವೇದಾವತಿಯಲ್ಲಿ ನೀರೇ ಇರುವುದಿಲ್ಲವಲ್ಲ’ ಎಂದು ಅಜ್ಜ ಹೇಳಬಹುದು. ಹೌದು, ವರ್ಷದ ಬಹುಭಾಗ ಅಲ್ಲಿ ಕಾಣುವುದು ಮರಳು ಮತ್ತು ಜಾಲಿ. ಆದರೆ 2022ನ್ನು ನೆನೆಸಿಕೊಳ್ಳಿ. 1933ರ ನಂತರ ಮೊದಲ ಬಾರಿಗೆ, ಅಂದರೆ 89 ವರ್ಷಗಳ ಮೇಲೆ, ವಾಣಿ ವಿಲಾಸ ಸಾಗರ ಕೋಡಿ ಬಿತ್ತು. ಎಷ್ಟೋ ಜನ ಅಜ್ಜಂದಿರೂ ಬದುಕಿನಲ್ಲಿ ಮೊದಲ ಸಲ ಆ ಕೋಡಿ ನೋಡಿ ಕೈಮುಗಿದರು. ಒಣಗಿ ಬಿದ್ದಿದ್ದ ಹೊಳೆ ದಡ ಮೀರಿ ಹರಿಯಿತು. ವರ್ಷಗಟ್ಟಲೆ ಹೊಳೆಯ ಪಾತ್ರದಲ್ಲಿ ಎಸೆದದ್ದೆಲ್ಲ ಅಂಥ ಒಂದೇ ನೆರೆಯಲ್ಲಿ ತೇಲಿಹೋಗುತ್ತದೆ. ಒಣ ಹೊಳೆಯಲ್ಲಿ ಬಿದ್ದ ಕವರು ಕಾಯುತ್ತಾ ಕೂತಿರುತ್ತದೆ ಅಷ್ಟೆ. ಅದಕ್ಕೆ ಅವಸರವಿಲ್ಲ, ಅದು ಕೊಳೆಯುವುದೂ ಇಲ್ಲ.

ಹಾಗಂತ ಇಲ್ಲಿ ಎಸೆದ ಪ್ರತಿಯೊಂದು ಕವರೂ ನೇರ ಆಮೆಯ ಬಾಯಿಗೇ ಹೋಗುತ್ತದೆ ಎಂದು ಹೇಳಿದರೆ ತಪ್ಪಾಗುತ್ತದೆ. ದಾರಿಯಲ್ಲಿ ಭೈರವಾನಿತಿಪ್ಪ, ಶ್ರೀಶೈಲ, ನಾಗಾರ್ಜುನ ಸಾಗರದಂಥ ಅಣೆಕಟ್ಟುಗಳಿವೆ, ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜ್ ಇದೆ. ಬಹಳಷ್ಟು ಕಸ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಸಿಕ್ಕಿಕೊಂಡದ್ದು ಬಿಸಿಲಿಗೆ ಚೂರುಚೂರಾಗಿ, ಕಣ್ಣಿಗೆ ಕಾಣದ ಪುಡಿಯಾಗಿ, ನೀರಿನ ಜೊತೆ ಮುಂದೆ ಸಾಗುತ್ತದೆ. ನೆರೆ ಬಂದು ಬಾಗಿಲು ತೆರೆದಾಗ ತೇಲುವುದೂ ಸಾಗುತ್ತದೆ. ಹೀಗೆ ಊರೂರಿನ ಹಳ್ಳಗಳು ಸ್ವಲ್ಪ ಸ್ವಲ್ಪ ಕೊಟ್ಟದ್ದೇ ಕಡಲಿನಲ್ಲಿ ರಾಶಿಯಾಗುತ್ತದೆ.

ಕವರು ತಿಂದ ಆಮೆ, ಕವರು ತಿಂದ ಹಸು

ಲೋಳೆಮೀನು ಎಂಬ ಒಂದು ಕಡಲ ಜೀವಿ ಇದೆ. ಬೆಳ್ಳಗೆ, ಮೆತ್ತಗೆ, ಛತ್ರಿಯಂತೆ ತೇಲುತ್ತದೆ. ಆಮೆಗೆ ಅದು ಇಷ್ಟದ ತಿಂಡಿ. ನೀರಿನಲ್ಲಿ ತೇಲುವ ಕವರು ಥೇಟ್ ಲೋಳೆಮೀನಿನಂತೆಯೇ ಕಾಣುತ್ತದೆ. ಕಡಲಲ್ಲಿ ಕೆಲವು ದಿನ ನೆನೆದ ಪ್ಲಾಸ್ಟಿಕ್ ಮೇಲೆ ಪಾಚಿ, ಸೂಕ್ಷ್ಮಜೀವಿ ಬೆಳೆದು ಅದಕ್ಕೆ ಆಹಾರದ ವಾಸನೆಯೂ ಬರುತ್ತದೆ. ಕಣ್ಣೂ ಮೋಸ ಹೋಗುತ್ತದೆ, ಮೂಗೂ ಮೋಸ ಹೋಗುತ್ತದೆ. ಇನ್ನು ಆಮೆಯ ಗಂಟಲಿನ ಒಳಗೆ ಹಿಂದಕ್ಕೆ ಬಾಗಿದ ಮುಳ್ಳುಗಳಂಥ ರಚನೆ ಇದೆ. ಜಾರುವ ಆಹಾರ ಹೊರಗೆ ಹೋಗದಿರಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು ಅದು. ಅದರಿಂದಾಗಿ ನುಂಗಿದ ಕವರನ್ನು ಉಗುಳಲು ಆಮೆಗೆ ಬಹಳ ಕಷ್ಟ. ಹೊಟ್ಟೆ ತುಂಬಿದಂತಾಗಿ ಹಸಿವು ಸಾಯುತ್ತದೆ. ಕೊನೆಗೆ ಆಮೆಯೂ ಸಾಯುತ್ತದೆ.

ಇದು ನಮಗೆ ಹೊಸ ಕಥೆಯಲ್ಲ. ಊರಿನ ತಿಪ್ಪೆಯ ಹತ್ತಿರ ಹಸು ಅನ್ನದ ವಾಸನೆಗೆ ಕವರು ಸಮೇತ ನುಂಗುವುದನ್ನು ನೀವೇ ನೋಡಿದ್ದೀರಿ. ಮೇವು ಬಿಟ್ಟು, ಹೊಟ್ಟೆ ಉಬ್ಬಿ ನರಳುವ ಬೀದಿ ಹಸುಗಳ ಹೊಟ್ಟೆ ಕೊಯ್ದು ಪಶುವೈದ್ಯರು ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದದ್ದುಂಟು.

ಉಳ್ಳಾರ್ತಿ ಕಾವಲ್ ಎಂಬ ಹೆಸರಿನಲ್ಲೇ ದನವಿದೆ. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ರಾಸುಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲುಗಳೇ ಈ ಕಾವಲುಗಳು. ಕುರಿಯ ಮಂದೆಗಳು, ಕಿಲಾರಿಗಳು ಕಾಯುವ ದೇವರ ಎತ್ತುಗಳು, ಕಂಬಳಿ ಹೊದ್ದ ಕುರಿಗಾಹಿಗಳು, ಇವರ ಬದುಕೆಲ್ಲ ಇಂಥ ಹುಲ್ಲಿನ ಮೇಲೆ ನಿಂತದ್ದು. ಈಗ ಈ ಕಾವಲಿನ ಒಂದು ದೊಡ್ಡ ಭಾಗ ಅಣು ಸಂಶೋಧನೆಯ ಸಂಸ್ಥೆಗೆ ಹೋಗಿ ಬೇಲಿಯೊಳಗಿದೆ. ಉಳಿದ ಹುಲ್ಲು ಇನ್ನೂ ಅಮೂಲ್ಯವಾಯಿತು. ನಮ್ಮ ಗಾಳಿಯೋ, ಕೇಳಬೇಡಿ! ಅಂಗಡಿಯ ಮುಂದೆ ಬಿಟ್ಟ ಕವರು ಸಂಜೆಗೆ ಕಾವಲಿನ ಜಾಲಿ ಮುಳ್ಳಿಗೆ ಬಾವುಟದಂತೆ ನೇತಾಡುತ್ತದೆ.

ಆದ್ದರಿಂದ ಕಡಲಾಮೆಗಾಗಿ ಎತ್ತಿದ ಕವರು ಮೊದಲು ಉಳಿಸುವುದು ನಮ್ಮದೇ ಹಸುವನ್ನು, ಕುರಿಯನ್ನು. ಆಮೆಗೆ ಪುಣ್ಯ ಆಮೇಲೆ, ನಮಗೆ ಲಾಭ ಮೊದಲು.

ಮನೆಯಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ

ಏನು ಮಾಡಬಹುದು? ದೊಡ್ಡ ಕೆಲಸ ಯಾವುದೂ ಇಲ್ಲ.

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಅರ್ಧ ಕತ್ತರಿಸಿ ಪ್ಯಾಕೆಟ್ಟಿಗೇ ಅಂಟಿಕೊಂಡಿರಲು ಬಿಡಿ. ಉಗುರಿನಷ್ಟು ಆ ಚೂರನ್ನು ಯಾರೂ ಹೆಕ್ಕುವುದಿಲ್ಲ, ಅದೇ ಚರಂಡಿ ಸೇರುವುದು. ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಒಂದೆಡೆ ಕೂಡಿಟ್ಟು ಗುಜರಿಯವರಿಗೆ ಕೊಡಿ.

ಸಂತೆಗೆ ಹೋಗುವಾಗ ಕೈಚೀಲ. ಇದನ್ನು ಅಜ್ಜಿಯರಿಗೆ ಹೇಳಿಕೊಡಬೇಕಿಲ್ಲ. ಅವರಿಂದಲೇ ಕಲಿಯಬೇಕು. ಎಣ್ಣೆಗೆ ಡಬ್ಬಿ, ಮೊಸರಿಗೆ ಚೆಂಬು, ಕಾಳಿಗೆ ಬಟ್ಟೆಯ ಚೀಲ, ಹೂವಿಗೆ ಬಾಳೆಲೆ, ಹೀಗೆ ಒಂದೊಂದಕ್ಕೂ ಒಂದೊಂದು ಇತ್ತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು 2016ರಲ್ಲೇ ನಿಷೇಧಿಸಲಾಗಿದೆ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ದೇಶದಲ್ಲೆಲ್ಲ 2022ರ ಜುಲೈ 1ರಿಂದ ನಿಷೇಧಿಸಿದ್ದಾರೆ. ಆದರೂ ಅಂಗಡಿಯವರು ಕೊಡುತ್ತಾರೆ, ಯಾಕೆಂದರೆ ನಾವು ಕೇಳುತ್ತೇವೆ. ‘ಬೇಡಣ್ಣ, ಚೀಲ ತಂದಿದ್ದೀನಿ’ ಎನ್ನುವ ಒಂದು ಮಾತು ಸಾಕು.

ಹೊಲದ ಕಡೆಗೂ ಒಮ್ಮೆ ನೋಡಿ. ನಮ್ಮಲ್ಲಿ ಈರುಳ್ಳಿ ಬೆಳೆ ಹೆಚ್ಚು. ಈರುಳ್ಳಿ ತುಂಬುವ ಕೆಂಪು ಬಲೆ ಚೀಲ ಹರಿದ ಮೇಲೆ ಬದುವಿನಲ್ಲೇ ಬಿದ್ದಿರುತ್ತದೆ. ಅದೂ ಒಂದು ಬಲೆಯೇ ತಾನೆ? ನೆಲದಲ್ಲಿ ಓತಿಕ್ಯಾತ, ಹಾವು ಅದಕ್ಕೆ ಸಿಕ್ಕಿಬೀಳುತ್ತವೆ, ನೀರಿಗೆ ಹೋದರೆ ಮೀನು, ಆಮೆ. ಹಳೆಯ ಡ್ರಿಪ್ ಪೈಪು, ಸಾಲಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ, ಔಷಧಿ ಡಬ್ಬಿ, ಇವನ್ನೂ ಹಳ್ಳದ ದಂಡೆಗೆ ಹಾಕುವ ರೂಢಿ ಬಿಡಬೇಕು. ಸುಡುವುದೂ ಬೇಡ. ಆ ಹೊಗೆ ವಿಷ, ಮೊದಲು ಸೇರುವುದು ಮನೆಯ ಕೂಸಿನ ಎದೆಗೆ.

ಜಾತ್ರೆ, ಮದುವೆ, ತಿಥಿಯ ಊಟಕ್ಕೆ ಮುತ್ತುಗದ ಎಲೆ ಇದ್ದಾಗ ಥರ್ಮೋಕೋಲ್ ತಟ್ಟೆ ಏಕೆ? ಮುತ್ತುಗದ ಎಲೆಯನ್ನು ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ತೇರಿನ ದಿನ ಕುಡಿಯುವ ನೀರಿಗೆ ಮನೆಯಿಂದಲೇ ಬಾಟಲಿ ಒಯ್ಯಿರಿ. ಊದಿದ ಬಲೂನನ್ನು ಆಕಾಶಕ್ಕೆ ಬಿಡಬೇಡಿ. ಮೇಲೆ ಹೋದದ್ದು ಒಡೆದು ಎಲ್ಲೋ ಬೀಳಲೇಬೇಕಲ್ಲ?

ಶಾಲೆಯ ಪ್ರವಾಸ ಹೋದಾಗ

ನಮ್ಮ ಕಡೆಯ ಶಾಲೆಗಳು ಡಿಸೆಂಬರ್, ಜನವರಿಯಲ್ಲಿ ಮುರುಡೇಶ್ವರ, ಗೋಕರ್ಣಕ್ಕೆ ಪ್ರವಾಸ ಹೊರಡುತ್ತವೆ. ಅದೇ ಹೊತ್ತಿಗೆ ಆಮೆಯೂ ಅದೇ ಕರಾವಳಿಗೆ ಹೊರಟಿರುತ್ತದೆ! ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ಮೊದಲಾದ ದಡಗಳಲ್ಲಿ ಅವು ಮೊಟ್ಟೆ ಇಡುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ಸುತ್ತಲಿನ ದಡಗಳಲ್ಲಿಯೂ ಗೂಡುಗಳು ಕಂಡವು. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಇಲಾಖೆಯವರು ಬಲೆ ಕಟ್ಟಿ ನಾಯಿ, ನರಿಗಳಿಂದ ಗೂಡು ಕಾಯುತ್ತಾರೆ, ಮರಿ ಹೊರಬಂದಾಗ ಕಡಲಿಗೆ ಬಿಡುತ್ತಾರೆ. ಬಲೆಗೆ ಬಿದ್ದ ಆಮೆಯನ್ನು ಕೂರ್ಮಾವತಾರವೆಂದು ಕೈಮುಗಿದು ಬಿಟ್ಟುಬಿಡುವ ಮೀನುಗಾರರು ಕರಾವಳಿಯಲ್ಲಿ ಇಂದಿಗೂ ಇದ್ದಾರೆ. ಬಲೆ ಹರಿದರೂ ಸರಿ, ಆಮೆ ಉಳಿಯಲಿ ಎಂಬ ಮನಸ್ಸು ಅದು. ಬಡವರ ಮನೆಯಲ್ಲಿ ಒಂದು ಬಲೆ ಎಂದರೆ ಒಂದು ಜೊತೆ ಎತ್ತು ಇದ್ದ ಹಾಗೆ. ಅದನ್ನು ಯೋಚಿಸಿದರೆ ಆ ಮನಸ್ಸಿನ ಬೆಲೆ ತಿಳಿಯುತ್ತದೆ.

ಎಲ್ಲ ಕಡೆ ಹೀಗೆ ನಡೆಯುವುದಿಲ್ಲ. 2025ರ ಜನವರಿಯ ಸುಮಾರಿಗೆ ತಮಿಳುನಾಡಿನಲ್ಲಿ, ಹೆಚ್ಚಾಗಿ ಚೆನ್ನೈ ಸುತ್ತಲಿನ ದಡದಲ್ಲಿ, ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲೆಗಳು ಸತ್ತು ಬಿದ್ದವು. ದೊಡ್ಡ ದೋಣಿಗಳ ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಸತ್ತವು ಎಂದು ಪರೀಕ್ಷಿಸಿದವರು ಹೇಳಿದರು. ಆಗಲೇ ಹೇಳಿದ ಮಾತು ನೆನಪಾಯಿತೇ? ಆಮೆ ಬಿದ್ದರೆ ತಾನಾಗಿ ಹೊರಹೋಗುವಂತೆ ಬಲೆಯಲ್ಲೊಂದು ಕಿಂಡಿ ಇಡುವ ಸಾಧನವೂ ಇದೆ. ಅದನ್ನು ಎಲ್ಲರೂ ಬಳಸಬೇಕಷ್ಟೆ. ಒಳ್ಳೆಯ ಸುದ್ದಿಯೂ ಇದೆ. ಅದೇ ವರ್ಷ ಒಡಿಶಾದ ಋಷಿಕುಲ್ಯ ನದಿಯ ಅಳಿವೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಮೆಗಳು ಮೊಟ್ಟೆ ಇಟ್ಟವು. ಜನ ಕಾದರೆ ಆಮೆ ಬರುತ್ತದೆ.

ಕಡಲ ದಡಕ್ಕೆ ಹೋದಾಗ ಈ ಮಾತುಗಳನ್ನು ಮರೆಯಬೇಡಿ:

ಮರಳಿನಲ್ಲಿ ತೋಡಿದ ಗುಂಡಿಯನ್ನು ಹೊರಡುವ ಮುಂಚೆ ಮುಚ್ಚಿ. ದೊಡ್ಡಾಮೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಮರಿ ಬಿದ್ದರೆ ಏಳಲಾರದು.

ರಾತ್ರಿ ದಡದ ಮೇಲೆ ಟಾರ್ಚ್, ಮೊಬೈಲ್ ಬೆಳಕು ಬಿಡಬೇಡಿ. ಬೆಳಕು, ಗದ್ದಲ ಕಂಡ ತಾಯಿ ಆಮೆ ಮೊಟ್ಟೆ ಇಡದೆ ಹಿಂದಿರುಗುತ್ತದೆ.

ಆಮೆಯನ್ನೋ ಮರಿಯನ್ನೋ ಕಂಡರೆ ದೂರ ನಿಲ್ಲಿ. ಎತ್ತಿಕೊಂಡು ಫೋಟೋ ತೆಗೆಯಬೇಡಿ. ಗೂಡು, ಗಾಯಗೊಂಡ ಆಮೆ ಕಂಡರೆ ದೊಡ್ಡವರಿಂದ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿಸಿ.

ಬಸ್ಸಿನಲ್ಲಿ ತಂದ ಚಿಪ್ಸ್ ಪೊಟ್ಟಣ ಬಸ್ಸಿನಲ್ಲೇ ವಾಪಸ್ಸು ಬರಲಿ. ಮೇಷ್ಟರು ಒಂದು ಖಾಲಿ ಗೋಣಿಚೀಲ ಇಟ್ಟುಕೊಂಡರೆ ಸಾಕು.

ನಮ್ಮ ನೆಲದ ಆಮೆಯನ್ನೂ ಮರೆಯಬೇಡಿ

ಕಡಲಾಮೆಗೆ ನೆಲದ ಮೇಲೆ ನೆಂಟರಿದ್ದಾರೆ. ಬೆನ್ನ ಮೇಲೆ ಹಳದಿ ನಕ್ಷತ್ರ ಬಿಡಿಸಿದಂತಿರುವ ನಕ್ಷತ್ರ ಆಮೆ ಒಣಸೀಮೆಯ ಕುರುಚಲು ಕಾಡಿನ ಜೀವಿ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಎಂದು ನಂಬಿಸಿ ಅದನ್ನು ಕದ್ದು ಮಾರುವವರಿದ್ದಾರೆ. ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಆಮೆ ತಂದ ಮನೆಗೆ ಬರುವುದು ಲಕ್ಷ್ಮಿಯಲ್ಲ, ಅರಣ್ಯ ಇಲಾಖೆಯ ಜೀಪು! ಇನ್ನೊಂದು ಮಾತು: ಹೊಲದಲ್ಲಿ ನಕ್ಷತ್ರ ಆಮೆ ಕಂಡರೆ ‘ಆಮೆಯಲ್ಲವೇ’ ಎಂದು ಕೆರೆಗೆ ಬಿಡಬೇಡಿ. ಅದಕ್ಕೆ ಈಜು ಬಾರದು, ಮುಳುಗಿಬಿಡುತ್ತದೆ. ಇದ್ದಲ್ಲೇ ಇರಲು ಬಿಡಿ.

ಈ ವಾರದ ಕೆಲಸ

ಮಕ್ಕಳಿಗೆ: ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ. ಏಳು ದಿನ, ಮನೆಯೊಳಗೆ ಬಂದ ಪ್ರತಿ ಕವರಿಗೂ ಒಂದು ಗೆರೆ ಎಳೆಯಿರಿ. ಯಾರನ್ನೂ ಬೈಯಬೇಡಿ, ಬರೀ ಎಣಿಸಿ. ಮುಂದಿನ ವಾರ ಮತ್ತೊಂದು ಹಾಳೆ. ಗೆರೆ ಕಡಿಮೆಯಾದರೆ ಮನೆಯವರೆಲ್ಲ ಗೆದ್ದಂತೆ.

ಅಜ್ಜ-ಅಜ್ಜಿಯರಿಗೆ: ಕವರು ಎಂಬುದೇ ಇಲ್ಲದ ಕಾಲದಲ್ಲಿ ಸಂತೆಯಿಂದ ಏನೇನನ್ನು ಯಾವುದರಲ್ಲಿ ತರುತ್ತಿದ್ದಿರಿ ಎಂದು ಮೊಮ್ಮಕ್ಕಳಿಗೆ ಹೇಳಿ. ಹಳೆಯ ಸೀರೆಯಿಂದ ಒಂದು ಕೈಚೀಲ ಹೊಲಿದುಕೊಡಿ. ಮಗುವಿನ ಹೆಸರನ್ನೂ ಪಕ್ಕದಲ್ಲೊಂದು ಪುಟ್ಟ ಆಮೆಯನ್ನೂ ದಾರದಲ್ಲಿ ಬಿಡಿಸಿದರೆ ಆ ಚೀಲವನ್ನು ಮಗು ಎಲ್ಲೂ ಬಿಟ್ಟುಬರುವುದಿಲ್ಲ.

ಮುಂದಿನ ಮಳೆಗೆ ಹಳ್ಳ ಹರಿಯುವ ಮೊದಲು, ನಿಮ್ಮ ಊರಿನ ಸೇತುವೆಯ ಕೆಳಗೊಮ್ಮೆ ಬಗ್ಗಿ ನೋಡಿ. ಅಲ್ಲಿ ಬಿದ್ದಿರುವುದನ್ನು ನಾಲ್ಕು ಜನ ಸೇರಿ ಎತ್ತಿದರೆ ಅರ್ಧ ದಿನದ ಕೆಲಸ. ಹಳ್ಳ ಹರಿದ ಮೇಲೆ ಅದನ್ನು ಎತ್ತಲು ಯಾರಿಂದಲೂ ಆಗದು.